ಪೆದ್ದಣ್ಣನ ಕೆಂಪು

ಮೊಳಕಾಲ್ಮೂರಿನಲ್ಲಿ ಪೆದ್ದಣ್ಣನಷ್ಟು ಚೆನ್ನಾಗಿ ನೇಯುವವರು ಇನ್ನೂ ನಾಲ್ಕು ಜನ ಇದ್ದರು. ಅವನಷ್ಟು ಜಂಬ ಕೊಚ್ಚುವವರು ಮಾತ್ರ ಇರಲಿಲ್ಲ. ಅವನ ಮಗ್ಗದಿಂದ ಇಳಿದ ಕೆಂಪು ಸೀರೆಗೆ ಬಳ್ಳಾರಿಯವರೆಗೂ ಹೆಸರು. ವ್ಯಾಪಾರಿಗಳು ಆ ಬಣ್ಣವನ್ನು ‘ಪೆದ್ದಣ್ಣನ ಕೆಂಪು’ ಎಂದೇ ಕರೆಯುತ್ತಿದ್ದರು. ಹೊಗೆ ಕುಡಿಯುತ್ತಾ ಒಲೆಯ ಮುಂದೆ ಕೂತು, ಅರಗು ಕುಟ್ಟಿ, ಸೋಸಿ, ಕುದಿಸಿ, ರೇಷ್ಮೆಗೆ ಆ ಕೆಂಪನ್ನು ಹತ್ತಿಸುತ್ತಿದ್ದವಳು ಅವನ ಹೆಂಡತಿ ಓಬಕ್ಕ. ಆ ಹಂಡೆಯೊಳಗೆ ಏನೇನು ಬೀಳುತ್ತದೆ ಎಂದು ಪೆದ್ದಣ್ಣ ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಒಂದು ಸಲ ವ್ಯಾಪಾರಿ ಮುರುಗೇಂದ್ರಪ್ಪ ಜಗಲಿಯ ಮೇಲೆ ಸೀರೆ ಹರವಿಕೊಂಡು, “ಏನ್ ಕೆಂಪು ರೀ ಪೆದ್ದಣ್ಣ! ನಿಮ್ ಕೈಯಾಗೆ ಏನೋ ಐತೆ ಬಿಡ್ರಿ” ಎಂದು ಹೊಗಳಿದ. ಪೆದ್ದಣ್ಣ ಮೀಸೆ ತಿರುವಿ, “ಎಲ್ಲಾ ದೇವ್ರು ಕೊಟ್ಟಿದ್ದು” ಎಂದುಬಿಟ್ಟ. ದೇವರಿಗೂ ಪಾಲು ಸಿಕ್ಕಿತು, ಮಜ್ಜಿಗೆ ಹಿಡಿದು ಬಾಗಿಲ ಹಿಂದೆ ನಿಂತಿದ್ದ ಓಬಕ್ಕನಿಗೆ ಸಿಗಲಿಲ್ಲ.

ಮಜ್ಜಿಗೆ ಕುಡಿದು ವ್ಯಾಪಾರಿ ಹೋದ. ಓಬಕ್ಕ ಬಟ್ಟೆ ಗಂಟು ಕಟ್ಟಿದಳು. “ಇನ್ಮೇಲೆ ಆ ದೇವ್ರ ಕೈಲೇ ಬಣ್ಣ ಹಾಕಿಸ್ಕಳ್ರಿ. ನಾನು ನಮ್ಮವ್ವನ ಮನೆಗೆ ಹೋಗ್ತೀನಿ” ಎಂದವಳೇ ಚಳ್ಳಕೆರೆಯ ಕಡೆ ಹೊರಟಿದ್ದ ಬಂಡಿ ಹತ್ತಿದಳು.

ದೇವರು ಬಂದು ಹಂಡೆ ಇಡಲಿಲ್ಲ. ಬಣ್ಣದ ರೇಷ್ಮೆಯಿಲ್ಲದೆ ಮಗ್ಗ ಸುಮ್ಮನಾಯಿತು. ಪೆದ್ದಣ್ಣ ತಾನೇ ತಿರುವಿದ ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು ಅಗಿಯುತ್ತಾ, ಅವಳಿಲ್ಲದ ಮನೆ ಮನೆಯಲ್ಲ ಎಂದು ಒಳಗೊಳಗೇ ಒಪ್ಪಿಕೊಂಡ. ಆದರೆ ಹೋಗಿ ಕರೆಯಲು ಬಾಯಿ ಬರಬೇಕಲ್ಲ? ತಪ್ಪಾಯಿತು ಎನ್ನುವ ಮಾತು ಅವನ ಗಂಟಲಲ್ಲಿ ಹಲಸಿನ ಬೀಜದಂತೆ ಸಿಕ್ಕಿಕೊಂಡಿತ್ತು. ಆ ಮಾತಾಡದೆಯೇ ಹೆಂಡತಿಯನ್ನು ಕರೆತರುವ ದಾರಿ ಹುಡುಕುತ್ತಿದ್ದವನ ಕಣ್ಣಿಗೆ ಮೂಲೆಯ ಬೈಸಿಕಲ್ಲು ಬಿತ್ತು.

ಅದು ವರ್ಗವಾಗಿ ಹೋದ ಸಾಹೇಬರೊಬ್ಬರು ಸೀರೆಗೆ ಬದಲಾಗಿ ಬಿಟ್ಟುಹೋದ ಗಾಡಿ. ಮೈಯೆಲ್ಲ ತುಕ್ಕು. ಓಬಕ್ಕ ಅದನ್ನು ‘ಕಜ್ಜಿ ಕುದುರೆ’ ಎನ್ನುತ್ತಿದ್ದಳು. ಈ ಕಜ್ಜಿ ಕುದುರೆಗೆ ಅವಳ ಕೆಂಪನ್ನೇ ಬಳಿದು, ಹತ್ತಿಕೊಂಡು ಹೋಗಿ ಅವಳ ತವರಿನ ಮುಂದೆ ಇಳಿದರೆ? ಓಹೋ, ಇವರಿಗೂ ಬಣ್ಣ ಬರುತ್ತದೆ ಎಂದು ಅವಳೇ ತಣ್ಣಗಾಗಿ ಹೊರಟು ಬರುತ್ತಾಳೆ. ಪೆದ್ದಣ್ಣನ ಬುದ್ಧಿ ಓಡುವುದೇ ಹಾಗೆ.

ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ಚಿಪ್ಪು ಹಿಡಿದು, ಹಬ್ಬಕ್ಕೆ ತಾಮ್ರದ ಕೊಡ ಬೆಳಗುವಂತೆ ಸೈಕಲ್ಲು ಬೆಳಗಿದ. ಉಗುರು ಕಿತ್ತು ಬಂದವು, ತುಕ್ಕೂ ಹಳೆಯ ಬಣ್ಣವೂ ಹೋದವು. ಕಬ್ಬಿಣ ಫಳಫಳ ಎಂದಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹಂಡೆಯ ತಳದಲ್ಲಿ ಓಬಕ್ಕ ಬಿಟ್ಟುಹೋಗಿದ್ದ ಕೆಂಪು ನೀರನ್ನು ಕುದಿಸಿ ಸೈಕಲ್ಲಿನ ನೆತ್ತಿಯ ಮೇಲೆ ಸುರಿದ. ಅಂಗಳ ಕೆಂಪಾಯಿತು, ಸೈಕಲ್ಲು ಬೆಳ್ಳಗೇ ನಿಂತಿತ್ತು.

ಎದುರುಮನೆಯ ಬಡಗಿ ಬೋರಯ್ಯ ಬೇಲಿ ಹಿಡಿದು ನಿಂತು ನಕ್ಕ. “ಮನೇಲಿ ಮಗ್ಗ ಮಲಗೈತೆ, ಇಲ್ಲಿ ಗಾಡಿಗೆ ಬಿಸ್ನೀರ್ ಸ್ನಾನ! ಅಣ್ಣಾ, ಕಬ್ಬಿಣ ಏನ್ ರೇಷ್ಮೆನಾ, ನೀರ್ಬಣ್ಣ ಕುಡಿಯಾಕೆ? ನಾವು ಬಂಡಿಗೆ ಹಚ್ಚಲ್ವಾ, ಹಂಗೆ ಎಣ್ಣೇಲಿ ಕಲಸಿ ಬಳಿ.”

“ಅಷ್ಟೂ ಗೊತ್ತಿಲ್ವೇನಲೇ ನನಗೆ?” ಎಂದ ಪೆದ್ದಣ್ಣ.

ಯಾವ ಎಣ್ಣೆ ಎಂದು ಕೇಳಿದ್ದರೆ ಬೋರಯ್ಯ ಅಗಸೆ ಎಣ್ಣೆ ಎನ್ನುತ್ತಿದ್ದ. ಗೊತ್ತಿದೆ ಎಂದವನಿಗೆ ಹೇಳುವುದೇನು? ಮನೆಯಲ್ಲಿ ದೀಪಕ್ಕೂ ತಲೆಗೂ ಇಟ್ಟಿದ್ದ ಹರಳೆಣ್ಣೆ ಗಡಿಗೆ ತುಂಬಾ ಇತ್ತು. ಪೇಟೆಯಿಂದ ಇಂಗಳೀಕದ ಕೆಂಪು ಹರಳು ತಂದು, ಅರೆದು, ಹರಳೆಣ್ಣೆಯಲ್ಲಿ ಕಲಸಿ ಬಳಿದ. ಕೆಂಪೆಂದರೆ ಕೆಂಪು, ಗಿಳಿಯ ಮೂತಿಯ ಕೆಂಪು. ಬಣ್ಣವನ್ನು ಬಿಸಿಲಿಗೆ ಹಾಕಬಾರದು ಎಂದು ಓಬಕ್ಕ ಹೇಳುತ್ತಿದ್ದುದು ಹೇಗೋ ನೆನಪಿತ್ತು. ಸೈಕಲ್ಲನ್ನು ಒಳಗೆ ತಂದು, ರೇಷ್ಮೆ ಲಡಿ ತೂಗುಹಾಕುವ ಗಳಕ್ಕೆ ಕಟ್ಟಿ ನೆರಳಲ್ಲಿ ಒಣಗಲು ಬಿಟ್ಟ.

ಹರಳೆಣ್ಣೆ ಒಣಗುವ ಜಾತಿಯದಲ್ಲ. ಬೆಳಿಗ್ಗೆ ಬೆರಳಿಟ್ಟ, ಅಂಟಿತು. ಸಂಜೆ ಇಟ್ಟ, ಅಂಟಿತು. ವಾರ ಕಳೆದರೂ ಅಂಟಿತು. ಅಷ್ಟರಲ್ಲಿ ಮನೆಯಲ್ಲಿದ್ದ ನೊಣ, ಹತ್ತಿಯ ಎಳೆ, ಬೆಕ್ಕಿನ ಕೂದಲು ಎಲ್ಲವೂ ಸೈಕಲ್ಲನ್ನು ಸೇರಿದ್ದವು. ಅವನ್ನು ಒಂದೊಂದಾಗಿ ಆಯ್ದು ತೆಗೆಯುತ್ತಾ ಪೆದ್ದಣ್ಣ ಯೋಚಿಸಿದ. ನೂಲು ಸಡಿಲವಾದರೂ ಗಂಜಿ, ಎಳೆ ಜೂಲೆದ್ದರೂ ಗಂಜಿ. ನೇಕಾರನಿಗೆ ಗೊತ್ತಿರುವ ಮದ್ದು ಅದೊಂದೇ. ಅಕ್ಕಿ ಗಂಜಿ ಕಾಯಿಸಿ, ಮಗ್ಗದ ಹಾಸು ನೂಲಿಗೆ ಗಂಜಿ ಎಳೆಯುವ ಕುಂಚದಿಂದಲೇ ಸೈಕಲ್ಲಿಗೆ ನಾಲ್ಕು ಸಲ ಎಳೆದ. ಮಾರನೆಯ ದಿನ ಮುಟ್ಟಿದರೆ, ಅಂಟು ಮಾಯ! ಮೇಲೆ ಗರಿಗರಿಯಾದ ಹೊಳಪು. “ಬಣ್ಣ ಅಂದ್ರೆ ಇದಪ್ಪಾ!” ಎಂದು ಒಬ್ಬನೇ ಕೂಗಿಕೊಂಡ.

ಬಿಳಿ ಪಂಚೆ ಉಟ್ಟು, ರುಮಾಲು ಸುತ್ತಿ, ಚಳ್ಳಕೆರೆ ದಾರಿ ಹಿಡಿದ. ತಳಕು ಊರು ದಾಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಗಂಜಿ ಬಿರಿದು ಹಪ್ಪಳದಂತೆ ಉದುರಿತು. ಕೆಳಗಿದ್ದ ಎಣ್ಣೆ ಕಾದು ಹರಿಯತೊಡಗಿತು. ಮೊದಲು ಮೊಣಕಾಲು ಕೆಂಪಾಯಿತು, ಆಮೇಲೆ ತೊಡೆ. ಬೆವರು ಒರೆಸಿಕೊಂಡದ್ದಕ್ಕೆ ಹಣೆಯೂ ಆಯಿತು. ಹಿಂದಕ್ಕೆ ಹೋಗೋಣವೆಂದರೆ ಮನೆಯಲ್ಲಿ ಕಾದಿರುವುದು ಅದೇ ಗಂಟು ಮುದ್ದೆ. ಪೆದ್ದಣ್ಣ ತುಳಿದ.

ಚಳ್ಳಕೆರೆಯ ಓಣಿಯಲ್ಲಿ ಅವನನ್ನು ಮೊದಲು ಕಂಡವಳು ಅತ್ತೆ ದ್ಯಾಮಮ್ಮ. “ಅಯ್ಯೋ ನಾಯನಾ! ಏಮಾಯೆ, ಏನಾತು! ಅಳಿಯಂಗೆ ಯಾರೋ ಹೊಡೆದವ್ರೆ, ರಗತ, ರಗತ!” ಎಂದು ಎದೆ ಬಡಿದುಕೊಂಡಳು. ಭಾವಮೈದ ಸೂರಪ್ಪ ದೊಣ್ಣೆ ಹಿಡಿದು ಹೊರಗೆ ಬಂದ. ಅವನನ್ನು ತಳ್ಳಿಕೊಂಡು, ಸೆರಗು ಜಾರಿದ್ದೂ ತಿಳಿಯದೆ ಓಡಿಬಂದವಳು ಓಬಕ್ಕ. ಗಂಡನ ತಲೆ, ಎದೆ, ತೋಳು ತಡವಿದಳು. “ಎಲ್ಲಿ ಪೆಟ್ಟಾಗೈತೆ? ಹೇಳ್ರಿ, ಬಾಯಿ ಬಿಡ್ರಿ!” ಎನ್ನುತ್ತಾ ಅತ್ತೇ ಬಿಟ್ಟಳು.

ಅವಳ ಅಳು ಕಂಡು ಪೆದ್ದಣ್ಣನಿಗೆ ಎದೆ ತುಂಬಿ ಬಂತು.

ಓಬಕ್ಕ ತನ್ನ ಅಂಗೈ ನೋಡಿಕೊಂಡಳು. ಮೂಗಿಗೆ ಹಿಡಿದಳು. “ಹರಳೆಣ್ಣೆ!” ಎಂದಳು. ಗಂಡನ ಹಿಂದೆ ನಿಂತಿದ್ದ ಸೈಕಲ್ಲು ನೋಡಿದಳು. ಕಣ್ಣೀರು ಆರುವ ಮೊದಲೇ ನಗು ಬಂದು, ಹೊಟ್ಟೆ ಹಿಡಿದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕುಸಿದಳು.

ಓಣಿಯ ಜನ ಸೇರಿದ್ದರು. ಸೂರಪ್ಪ ದೊಣ್ಣೆ ಕೆಳಗಿಟ್ಟು, ಸೈಕಲ್ಲಿನಿಂದ ಒಂದು ನೊಣ ಬಿಡಿಸುತ್ತಾ, “ಯಾರು ಬಾವ ಈ ಬಣ್ಣ ಕಲಸಿದ್ದು?” ಎಂದ.

ಬೋರಯ್ಯನ ಹೆಸರು ಪೆದ್ದಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದರು ಕೂಡ. ಅವನು ಹೆಂಡತಿಯ ಕಡೆ ನೋಡಿದ. ನಗುತ್ತಿದ್ದರೂ ಅವಳು ಅವನ ಪಂಚೆಯ ಚುಂಗನ್ನು ಹಿಡಿದೇ ಇದ್ದಳು, ಬಿಟ್ಟಿರಲಿಲ್ಲ.

“ನಾನೇ ಕಣಪ್ಪ” ಎಂದ. “ಪೆದ್ದಣ್ಣನ ಕೆಂಪು ಅಂದ್ರೆ ಇದೇ, ನನಗೆ ಬರೋದು ಇಷ್ಟೇ. ಸೀರೆ ಮೇಲೆ ಕೂರೋ ಕೆಂಪೈತಲ್ಲ, ಅದು ಇವಳದು. ಮೊದ್ಲಿಂದ್ಲೂ ಇವಳದೇ. ನಾನು ಬರೀ ಹೆಸ್ರು ತಿಂದೆ.”

ಓಬಕ್ಕನ ನಗು ನಿಂತಿತು. ಕೆಂಪಾದ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಎಷ್ಟು ವರ್ಷ ಈ ಮಾತಿಗೆ ಕಾದಿದ್ದಳೋ ಅವಳಿಗೇ ಗೊತ್ತು. ಅಷ್ಟು ಸುಲಭಕ್ಕೆ ಬಿಡುತ್ತಾಳೆಯೇ?

“ಇನ್ನೊಂದ್ ಸಲ ಹೇಳ್ರಿ” ಎಂದಳು. “ಅವ್ವಗೆ ಕಿವಿ ಸರಿಯಾಗಿ ಕೇಳ್ಸಲ್ಲ.”

ದ್ಯಾಮಮ್ಮನ ಕಿವಿ ಪಕ್ಕದ ಮನೆಯ ಬೆಕ್ಕು ಹಾಲಿಗೆ ಬಾಯಿ ಹಾಕಿದ್ದನ್ನೂ ಕೇಳುವಂಥದ್ದು. ಅವಳು ಮಗಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು. ಆಮೇಲೆ ಅಂಗೈಯನ್ನು ಕಿವಿಯ ಹಿಂದಿಟ್ಟುಕೊಂಡು ಮುಂದಕ್ಕೆ ಬಂದಳು.

“ಹೌದಪ್ಪಾ, ಈ ನಡುವೆ ಏನೂ ಕೇಳ್ಸಲ್ಲ. ಆ ಮೂಲೆ ಮನೆಗಂಟ ಮುಟ್ಟಂಗೆ ಹೇಳು.”

ಪೆದ್ದಣ್ಣ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಮೂಲೆ ಮನೆಗೆ ಮುಟ್ಟುವಂತೆ ಹೇಳಿದ. ಅವನು ಹೇಳಿ ಮುಗಿಸುವಷ್ಟರಲ್ಲಿ ಓಬಕ್ಕ ಬಟ್ಟೆ ಗಂಟು ಕಟ್ಟಲು ಒಳಗೆ ಹೋಗಿದ್ದಳು.