ಬಿಚ್ಚದೆ ಉಳಿದಿದ್ದ ಗಂಟು

ಸೊಸೆಗೆ ಹೆರಿಗೆ ನೋವು ಶುರುವಾಯಿತೆಂದು ಸ್ಟೊಯ್ನಜ್ಜಿ ಮನೆಯ ಬೀಗಗಳನ್ನೆಲ್ಲ ತೆರೆಯುತ್ತಿದ್ದಳು. ಮನೆಯೇ ಬಿಗಿದುಕೊಂಡಿದ್ದರೆ ಮಗು ಹೇಗೆ ಬಂದೀತು? ಪೆಟ್ಟಿಗೆ ತೆರೆದಳು, ಸೊಸೆ ನೆದೆಲ್ಯಳ ಜಡೆ ಬಿಚ್ಚಿದಳು, ಮಗನ ಬೂಟಿನ ದಾರವನ್ನೂ ಬಿಡಲಿಲ್ಲ.

ಪಕ್ಕದ ಮನೆಯ ರುಮೆನ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್. ಆಂಬುಲೆನ್ಸ್‌ಗೆ ಹೇಳಿ ಬಂದವಳೇ ನೆದೆಲ್ಯಳನ್ನು ಕೇಳಿದಳು, “ರಕ್ತ ತೆಳು ಮಾಡೋ ಇಂಜೆಕ್ಷನ್ ಕೊನೇ ಸಲ ಯಾವಾಗ ತಗೊಂಡೆ?”

ಹಿಂದೊಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ನೆದೆಲ್ಯ ಬಸುರಿಯಾದಾಗಿನಿಂದ ದಿನವೂ ಅದನ್ನು ಚುಚ್ಚಿಕೊಳ್ಳುತ್ತಿದ್ದಳು.

“ನಿನ್ನೆ ಬೆಳಿಗ್ಗೆ.”

ಅಜ್ಜಿ ತಿರುಗಿ ಸೊಸೆಯ ಮುಖ ನೋಡಿದಳು. “ಮನೇಲಿರೋ ಗಂಟೆಲ್ಲ ಬಿಚ್ಚಿದೀನಿ. ನಿನ್ನ ಹುಬ್ಬು ಯಾಕೆ ಇನ್ನೂ ಗಂಟು ಹಾಕ್ಕೊಂಡಿದೆ ಮಗಳೇ?”

ನೆದೆಲ್ಯಳಿಗೆ ಅಳು ಬಂತು. “ಇವತ್ತು ಬೆಳಿಗ್ಗೆನೂ ತಗೊಂಡೆ ಅತ್ತೆ. ಹೇಳಿದ್ರೆ ಬೆನ್ನಿಗೆ ಕೊಡೋ ನೋವಿನ ಮದ್ದು ಸಿಗಲ್ಲ ಅಂದ್ರು ಅಂಗಡಿ ಹತ್ರ ಸೇರೋ ಹೆಂಗಸರು. ನಂಗೆ ನೋವಂದ್ರೆ ಭಯ.”

“ಮೂವರನ್ನ ಹೆತ್ತೆ ನಾನು, ಯಾವ ಮದ್ದೂ ಇಲ್ದೆ!”

“ಹೆತ್ತೆ ಅಜ್ಜಿ. ನಿನ್ನ ಕೂಗಿಗೆ ಗುಡ್ಡದ ಕುರಿಯೆಲ್ಲ ಚದುರಿ ಹೋದ್ವಂತೆ, ನಮ್ಮಮ್ಮ ಹೇಳ್ತಿದ್ಳು,” ಎಂದು ರುಮೆನ ನಕ್ಕಳು. ಆಮೇಲೆ ನೆದೆಲ್ಯಳ ಕೈ ಹಿಡಿದಳು. “ನೋವಿಗೆ ಮದ್ದು ಕೇಳೋದು ತಪ್ಪಲ್ಲ ಕಣೇ. ಆದ್ರೆ ನೀನು ಹೇಳೋ ಬೆನ್ನಿನ ಮದ್ದು, ಎಪಿಡ್ಯೂರಲ್ ಅಂತಾರಲ್ಲ, ಅದರ ಸೂಜಿ ಹೋಗೋದು ಬೆನ್ನುಹುರಿ ಪಕ್ಕಕ್ಕೆ. ರಕ್ತ ತೆಳು ಇರೋವಾಗ ಚುಚ್ಚಿದ್ರೆ ಒಳಗೆ ರಕ್ತ ಸೋರಿ ನರ ಒತ್ತಬಹುದು. ಹಾಗಾಗೋದು ಅಪರೂಪ. ಆದ್ರೂ ಆಗಿಬಿಟ್ರೆ ಕಾಲಿನ ಸ್ವಾಧೀನವೇ ಹೋಗಬಹುದು.”

“ಹಾಗಾದ್ರೆ ನಂಗೆ ಸಿಗೋದೇ ಇಲ್ವಾ?”

“ಸಿಗತ್ತೆ. ಇಂಜೆಕ್ಷನ್ನಿನ ಜೋರು ಇಳೀಬೇಕು. ಅಲ್ಲಿವರೆಗೆ ನೋವಿಗೆ ಬೇರೆ ದಾರಿ ಇದೆ, ಸುಮ್ನೆ ನರಳೋಕೆ ಬಿಡ್ತೀವಾ?”

ಆಸ್ಪತ್ರೆಯಲ್ಲಿ ಯಾರೂ ಕೇಳುವ ಮೊದಲೇ ನೆದೆಲ್ಯ ಎಲ್ಲವನ್ನೂ ಹೇಳಿದಳು. ವೈದ್ಯರು ಕಾದರು, ಕಾಯುವಾಗ ಬೇರೆ ಮದ್ದು ಕೊಟ್ಟರು. ಹೊತ್ತು ಸರಿಯಾದ ಮೇಲೆ ಬೆನ್ನಿಗೆ ಸೂಜಿ ಹಾಕಿದರು. ನೆದೆಲ್ಯ ಅರೆಗಳಿಗೆ ನಿದ್ದೆಯನ್ನೂ ಮಾಡಿದಳು. ಹೆಣ್ಣು ಮಗು ಹುಟ್ಟಿತು. ಆಮೇಲೆ ನರ್ಸ್ ಆಗಾಗ ಬಂದು ಸ್ವಾಧೀನ ಬಂತೇ ಎಂದು ಕಾಲು ಎತ್ತಿಸಿ ನೋಡುತ್ತಿದ್ದಳು.

ಮಗುವನ್ನೆತ್ತಿಕೊಂಡು ತನ್ನದೇ ಕಾಲ ಮೇಲೆ ಹೊಸ್ತಿಲು ದಾಟಿ ಬಂದ ಸೊಸೆಗೆ ಅಜ್ಜಿ ಬಿಸಿ ರೊಟ್ಟಿಗೆ ಜೇನು ಸವರಿ ಕೊಟ್ಟಳು. ಆಮೇಲೆ ತಲೆಗೆ ವಸ್ತ್ರ ಕಟ್ಟಿಕೊಂಡು ಅಂಗಡಿಯತ್ತ ಹೊರಟಳು. “ಅಲ್ಲಿ ಕೆಲವರ ಬುದ್ಧೀದೂ ಬೀಗ ತೆಗೀಬೇಕು,” ಎಂದಳು.

ಅಕ್ಕತಂಗಿಯರೇ, ರಕ್ತ ತೆಳು ಮಾಡುವ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ? ಹೆರಿಗೆಗೆ ಮುಂಚೆಯೇ ವೈದ್ಯರಿಗೆ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ನೋವು ಶುರುವಾದರೆ ವೈದ್ಯರನ್ನು ಕೇಳದೆ ಇನ್ನೊಂದು ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳಲೂಬೇಡಿ. ಬೆನ್ನಿಗೆ ಸೂಜಿ ಹಾಕಿಸಿಕೊಂಡ ಮೇಲೆ ಕಾಲಿನ ಜೋಮು ಇಳಿಯದಿದ್ದರೆ, ಬೆನ್ನು ವಿಪರೀತ ನೋಯುತ್ತಿದ್ದರೆ, ಮೂತ್ರ ಕಟ್ಟಿಕೊಂಡರೆ ಆ ಕ್ಷಣವೇ ನರ್ಸನ್ನೋ ವೈದ್ಯರನ್ನೋ ಕೂಗಿ ಕರೆಯಿರಿ. ಬೀಗ ತೆಗೆಯುವವರು ಮನೆಯಲ್ಲಿ ಬಹಳ ಜನ ಇದ್ದಾರು. ನಿಮ್ಮ ಬಾಯಿ ತೆರೆಯಬೇಕಾದವರು ಮಾತ್ರ ನೀವೇ.