ತವನಪ್ಪನ ಬೆಕ್ಕು, ಸತ್ತೆವ್ವನ ಕೋಳಿ

ದಿಗ್ಗೇವಾಡಿಯ ಸತ್ತೆವ್ವ ತನ್ನ ಕೋಳಿಗಳಿಗೆಲ್ಲ ಗಂಡನ ಕಡೆಯವರ ಹೆಸರಿಟ್ಟಿದ್ದಳು. ಹುಂಜಕ್ಕೆ ಮಾವನ ಹೆಸರು, ಕಪ್ಪು ಹೇಂಟೆಗಳಿಗೆ ನಾದಿನಿಯರ ಹೆಸರು. ತತ್ತಿ ಇಡುವುದಕ್ಕಿಂತ ಕೂಗಾಡುವುದೇ ಹೆಚ್ಚಾಗಿದ್ದ ಬಿಳಿ ಹೇಂಟೆಯನ್ನು ಅತ್ತೆ ಎಂದೇ ಕರೆಯುತ್ತಿದ್ದಳು. ಹೀಗಾಗಿ ಎಂಬತ್ತೆಂಟನೇ ಇಸವಿಯ ಮಾಘದಲ್ಲಿ ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ನಿಂತು, "ರಾತ್ರಿ ಅತ್ತಿ ಹ್ವಾದ್ಳು" ಎಂದದ್ದೇ ತಡ, ಪಕ್ಕದ ಮನೆಯ ಸೋನಾಬಾಯಿ ತಲೆಯ ಮೇಲೆ ಸೆರಗು ಹೊದ್ದು ಸಾವಿನ ದುಃಖ ಮಾತಾಡಿಸಲು ಬಂದುಬಿಟ್ಟಳು. ಆ ಅತ್ತೆ ತೀರಿಹೋಗಿ ಒಂಬತ್ತು ವರ್ಷವಾಯಿತೆಂಬುದು ಅವಳಿಗೆ ನೆನಪಾದದ್ದು ಕಟ್ಟೆಯ ಮೇಲೆ ಕೂತು ಎರಡು ಸಲ ಮೂಗು ಒರೆಸಿಕೊಂಡ ಮೇಲೆ.

ಅತ್ತೆಯ ಹಿಂದೆಯೇ ನಾದಿನಿಯರಲ್ಲಿ ಇಬ್ಬರು ಹೋದರು. ಎಂಟು ದಿನದಲ್ಲಿ ಮೂರು. ಸತ್ತೆವ್ವ ಸಂಜೆಯಾದರೆ ಕೋಳಿಗಳನ್ನು ಎರಡು ದೊಡ್ಡ ಬುಟ್ಟಿಗಳ ಕೆಳಗೆ ಮುಚ್ಚಿ, ಮೇಲೆ ಕಲ್ಲು ಹೇರಿಯೇ ಮಲಗುತ್ತಿದ್ದಳು. ಬೆಳಿಗ್ಗೆ ನೋಡಿದರೆ ಕಲ್ಲು ಕಲ್ಲಿನ ಜಾಗದಲ್ಲೇ ಇರುತ್ತಿತ್ತು, ಬುಟ್ಟಿಯ ಅಂಚಿನಲ್ಲಿ ನೆಲ ಕೆರೆದಿರುತ್ತಿತ್ತು, ಒಂದಿಷ್ಟು ಪುಕ್ಕ ಗಾಳಿಗೆ ಓಡಾಡುತ್ತಿರುತ್ತಿತ್ತು.

ಅವಳ ಗಂಡ ಮಲಕಾರಿ ಕುರಿ ಕಾಯುವವನು. ಹರೆಯದಲ್ಲಿ ಮೀರಜ್ ಕಡೆಯ ಬಯಲಿನಲ್ಲಿ ಒಬ್ಬನೇ ಮೂರು ತೋಳಗಳನ್ನು ಓಡಿಸಿದ್ದೇನೆಂದು ಹೇಳಿಕೊಳ್ಳುತ್ತಿದ್ದ. ತೋಳಗಳ ಸಂಖ್ಯೆ ವರ್ಷಕ್ಕೊಂದು ಏರುತ್ತಿತ್ತು.

"ಇವತ್ತ ನಾ ಕಾಯ್ತೇನಿ" ಎಂದ ಅವನು. "ತೋಳ ಓಡಿಸಿದಾಂವಗ ಇದೇನ್ ಹೆಚ್ಚಿಂದ?"

ಮಲಗುವ ಹೊರಸನ್ನು ಬುಟ್ಟಿಯ ಪಕ್ಕಕ್ಕೇ ಎಳೆದುಕೊಂಡ. ಕಂಬಳಿ, ಬಡಿಗೆ, ಕಂದೀಲು, ತಂಬಾಕಿನ ಚೀಲ ಎಲ್ಲ ತಂದಿಟ್ಟುಕೊಂಡ. ಸತ್ತೆವ್ವ ಒಳಗೆ ಮಲಗಿ ಅವನ ಗೊರಕೆಯನ್ನು ಕೇಳುತ್ತಿದ್ದಳು. ಇಂಥ ಗೊರಕೆಗೆ ಆನೆಯೂ ಹತ್ತಿರ ಬಾರದು ಎಂಬ ಧೈರ್ಯದಲ್ಲಿ ಅವಳಿಗೂ ನಿದ್ದೆ ಹತ್ತಿತು. ಬೆಳಿಗ್ಗೆ ಎದ್ದಾಗ ಕಂದೀಲು ಉರಿಯುತ್ತಿತ್ತು, ಬಡಿಗೆ ಅವನ ಎದೆಯ ಮೇಲಿತ್ತು, ಅವನ ಹೊರಸಿನ ಕೆಳಗೆ ನಾಲ್ಕನೆಯ ಕೋಳಿಯ ಒಂದು ಕಾಲು ಬಿದ್ದಿತ್ತು.

"ನಿಮ್ಮ ಮಗ್ಗಲದಾಗ ಕುಂತು ಉಂಡು ಹೋಗೇತಿ" ಎಂದಳು ಸತ್ತೆವ್ವ. "ಕೈ ತೊಳ್ಯಾಕ ನೀರು ಕೊಟ್ರಿಲ್ಲೊ?"

"ಅದು ನರಿ" ಎಂದ ಮಲಕಾರಿ, ಕಣ್ಣು ಉಜ್ಜಿಕೊಳ್ಳುತ್ತ. "ನರಿಗಿ ಮಂತ್ರಾ ಬರ್ತೈತಿ."

ಇನ್ನು ಇವನನ್ನು ನಂಬಿ ಪ್ರಯೋಜನವಿಲ್ಲವೆಂದು ಸತ್ತೆವ್ವ ಒಲೆಯ ಬೂದಿಯನ್ನು ಜರಡಿ ಹಿಡಿದು ಬುಟ್ಟಿಗಳ ಸುತ್ತ ತೆಳ್ಳಗೆ ಹರಡಿದಳು. ಅಂದು ಕೋಳಿಗಳನ್ನು ಅಡಿಗೆಮನೆಯಲ್ಲೇ ಕೂಡಿಹಾಕಿ, ಖಾಲಿ ಬುಟ್ಟಿಯ ಕೆಳಗೆ ಅವುಗಳ ಹಳೆಯ ಹುಲ್ಲು ಇಟ್ಟಳು. ಮರುದಿನ ಬೂದಿಯ ಮೇಲೆ ಹೆಜ್ಜೆಗಳು ಬಿದ್ದಿದ್ದವು. ದುಂಡನೆಯ ಹೆಜ್ಜೆ, ಉಗುರಿನ ಗುರುತಿಲ್ಲ. ನರಿಗಾದರೆ ಉಗುರು ಒತ್ತಿರುತ್ತದೆ. ಇದು ಬೆಕ್ಕು. ಆದರೆ ಊರ ಬೆಕ್ಕಿನ ಒಂದೂವರೆಯಷ್ಟಿತ್ತು ಹೆಜ್ಜೆ. ಹೊಳೆದಂಡೆಯ ಕಬ್ಬೆಲ್ಲ ಆ ತಿಂಗಳು ಕಟಾವಾಗಿ ಕಾರ್ಖಾನೆಗೆ ಹೋಗಿತ್ತು. ಕಬ್ಬಿನೊಳಗೆ ಮನೆ ಮಾಡಿಕೊಂಡಿದ್ದ ಕಾಡಬೆಕ್ಕು ಊರೊಳಕ್ಕೆ ಬಂದಿತ್ತು.

ಬೂದಿ ಮೆತ್ತಿದ ಆ ಹೆಜ್ಜೆಗಳು ಅಂಗಳ ದಾಟಿ, ಮೋಟುಗೋಡೆ ಹತ್ತಿ, ನೇರ ತವನಪ್ಪನ ಹಿತ್ತಲಿನ ಜೋಳದ ಕಣಕಿ ಬಣಿವೆಯ ಕಡೆಗೆ ಹೋಗಿದ್ದವು. ಸತ್ತೆವ್ವ ಗೋಡೆಯಾಚೆ ಇಣುಕಿದಳು. ಬಣಿವೆಯ ಬುಡದಲ್ಲಿ ಅಲ್ಯೂಮಿನಿಯಮ್ಮಿನ ಒಂದು ಜರ್ಮನ್ ತಾಟು ಇತ್ತು. ತಾಟಿನಲ್ಲಿ ಹಾಲಿನ ಕೆನೆ ಒಣಗಿತ್ತು.

ತವನಪ್ಪ ಸೋನಾಬಾಯಿಯ ಗಂಡ. ಅರವತ್ತು ದಾಟಿದ ಜೈನ ರೈತ, ದೀಪ ಹಚ್ಚುವ ಮೊದಲೇ ಊಟ ಮುಗಿಸುವವನು, ಇರುವೆ ಸಾಲು ಕಂಡರೆ ಎತ್ತಿನ ಬಂಡಿಯನ್ನೂ ನಿಲ್ಲಿಸುವವನು. ಸತ್ತೆವ್ವ ಗೋಡೆಯ ಮೇಲಿಂದಲೇ ಅವನನ್ನು ಕರೆದಳು.

"ಕಾಕಾ, ಈ ಹಾಲು ಯಾರಿಗ್ರಿ?"

ತವನಪ್ಪನ ಮುಖ ಅರಳಿತು. ಹೇಳಿಕೊಳ್ಳಲು ಯಾರಾದರೂ ಸಿಕ್ಕರೆ ಸಾಕೆಂದು ಅವನು ಕಾದಿದ್ದಂತಿತ್ತು. "ಒಂದು ಬಾಣಂತಿ ಬೆಕ್ಕ ಬಂದೈತವ್ವಾ. ಮೂರು ವಾರ ಆತು, ದಿನಾ ಎರಡ ಹೊತ್ತ ಹಾಲು ಹಾಕ್ತೇನಿ. ಬಂದಾಗಿಂದ ಒಂದ ಇಲಿ ಸೈತ ಮುಟ್ಟಿಲ್ಲ ನೋಡು. ಕಾಡಪ್ರಾಣಿ ಆದ್ರೂ ಹಿಂಸಾ ಬಿಟ್ಟೈತಿ. ಬಸದಿಯೊಳಗ ಹೇಳಿದೆ, ಎಲ್ಲಾರೂ ಕೈ ಮುಗದ್ರು."

"ಇಲಿ ಯಾಕ ಮುಟ್ಟತೈತ್ರಿ?" ಎಂದಳು ಸತ್ತೆವ್ವ. "ನಿಮ್ಮಲ್ಲೆ ಹಾಲು ಕುಡೀತೈತಿ, ನಮ್ಮಲ್ಲೆ ಊಟಾ ಮಾಡ್ತೈತಿ. ಈಗ ನಾಕ ಆದೂವು."

ತವನಪ್ಪ ನಂಬಲಿಲ್ಲ. ಸತ್ತೆವ್ವ ಸೀರೆ ಎತ್ತಿ ಕಟ್ಟಿ ಗೋಡೆ ಹಾರಿ ಬಂದು ಬಣಿವೆಯ ಬುಡದ ಎರಡು ಸಿವುಡು ಕಣಕಿಯನ್ನು ಹಿರಿದಳು. ಒಳಗೆ ಪೊಟರೆ. ಪೊಟರೆಯಲ್ಲಿ ಬಿಳಿ, ಕಪ್ಪು ಪುಕ್ಕಗಳ ಮೆತ್ತನೆಯ ಹಾಸಿಗೆ. ಹಾಸಿಗೆಯ ಮೇಲೆ ಮೂರು ಮರಿಗಳು ಒಂದರ ಮೇಲೊಂದು ಮಲಗಿದ್ದವು. ಅತ್ತೆಯ ಪುಕ್ಕವನ್ನು ಸತ್ತೆವ್ವ ಕೂಡಲೇ ಗುರುತಿಸಿದಳು. ಬದುಕಿದ್ದಾಗ ಯಾರಿಗೂ ಬೆಚ್ಚಗಿನ ಹಾಸಿಗೆಯಾಗದವಳು ಎಂದು ಅವಳಿಗೆ ಅನ್ನಿಸಿತು. ಯಾವ ಅತ್ತೆಯ ಬಗ್ಗೆ ಎಂದು ಅವಳು ವಿವರಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಮಲಕಾರಿ ಬಡಿಗೆ ಹಿಡಿದು ಓಡಿಬಂದ. ನಾಲ್ಕು ಬೆರಳಿನಷ್ಟಿದ್ದ ಮರಿಗಳ ಮುಂದೆ ಅವನಿಗೆ ತೋಳದ ಕಾಲದ ಶೌರ್ಯವೆಲ್ಲ ಬಂದಿತ್ತು. ತವನಪ್ಪ ಕೈ ಅಗಲಿಸಿ ಅಡ್ಡ ನಿಂತ.

"ಮೊದ್ಲ ನನ್ನ ಬಡೀ" ಎಂದ.

"ಆ ಬಡಿಗಿ ಕೆಳಗ ಇಡ್ರಿ" ಎಂದಳು ಸತ್ತೆವ್ವ ಗಂಡನಿಗೆ. "ಇದನ್ನ ಕೊಂದ್ರ ಕಬ್ಬಿನ್ಯಾಗಿಂದ ಇನ್ನೊಂದ ಬರತೈತಿ. ಕೋಳಿಗಿ ಗಟ್ಟಿ ಮನಿ ಇಲ್ಲದ್ದು ತಪ್ಪು." ಆಮೇಲೆ ತವನಪ್ಪನ ಕಡೆ ತಿರುಗಿದಳು. "ನೀವೇನ್ ಮಾಡಾವ್ರರಿ ಕಾಕಾ?"

ತವನಪ್ಪ ತಾಟಿನ ಪಕ್ಕ ಕುಕ್ಕರಿಸಿದ. ಅವನ ಸಂಕಟ ನಿಜವಾದದ್ದೇ ಆಗಿತ್ತು. "ಬೆಕ್ಕ ಓಡಿಸಿದ್ರ ಮರಿ ಸಾಯ್ತಾವು, ಪಾಪ. ಇಲ್ಲೇ ಇಟ್ಕೊಂಡ್ರ ಕೋಳಿ ಸಾಯ್ತಾವು, ಅದೂ ಪಾಪ. ನಿನ್ನ ಕೋಳಿಗಿ ಮನಿ ಕಟ್ಟಿಸಿಕೊಟ್ರ ನಾಳೆ ನೀನ ಅವನ್ನ ಕೊಯ್ತಿ. ಅದರಾಗೂ ನನಗ ಪಾಲು ಬರತೈತಿ."

"ಮೂರರಾಗ ಹಗರದ್ದು ಆರಿಸ್ಕೋರಿ" ಎಂದಳು ಸತ್ತೆವ್ವ.

ಅವನು ಎರಡು ದಿನ ಯೋಚಿಸಿದ. ಆ ಎರಡೂ ರಾತ್ರಿ ಕೋಳಿಗಳು ಅಡಿಗೆಮನೆಯಲ್ಲೇ ಮಲಗಿದವು; ಮಲಕಾರಿಯ ರೊಟ್ಟಿಬುಟ್ಟಿಯಲ್ಲೂ ಮಲಗಿದವು. ಮೂರನೆಯ ದಿನ ತವನಪ್ಪ ಗೌಂಡಿ ಭೀಮಸಿಯನ್ನು ಕರೆದುಕೊಂಡು ಬಂದ.

"ಇದು ಕೋಳಿ ಸಲುವಾಗಿ ಅಲ್ಲ" ಎಂದು ಮೊದಲೇ ಹೇಳಿದ. "ಬೆಕ್ಕ ಪಾಪಾ ಮಾಡಬಾರದಂತ ಕಟ್ಟಸಾಕತ್ತೇನಿ. ಮತ್ತ ಅಷ್ಟಮಿ, ಚತುರ್ದಶಿ ದಿನ ನೀ ಕೋಳಿ ಕೊಯ್ಯಂಗಿಲ್ಲ."

ಸತ್ತೆವ್ವ ಒಪ್ಪಿದಳು.

ಗೂಡು ಗಟ್ಟಿಯಾಗಿಯೇ ಎದ್ದಿತು. ಕೆರೆದು ನುಗ್ಗಬಾರದೆಂದು ಒಂದು ಮೊಳ ಆಳದಿಂದ ಕಲ್ಲು ಕಟ್ಟಿ, ನೆಲಕ್ಕೆ ಫರಸಿ ಕಲ್ಲು ಹಾಕಿ, ಮೇಲೆ ಇಟ್ಟಂಗಿಯ ಗೋಡೆ ಎಬ್ಬಿಸಿದರು. ಗಾಳಿಗೆ ಬೆಕ್ಕಿನ ಪಂಜ ತೂರದಷ್ಟು ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ, ಮೇಲೊಂದು ತಗಡು, ಸಾಗವಾನಿಯ ಬಾಗಿಲು, ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ. ಸೋನಾಬಾಯಿ ಗೋಡೆಯ ಮೇಲಿಂದ ದಿನವೂ ನೋಡುತ್ತಿದ್ದಳು. "ಎರಡ ವರ್ಷ ಆತು, ನನ್ನ ಅಡಿಗಿಮನಿ ಸೋರಾಕತ್ತಿ" ಎಂದು ಭೀಮಸಿಗೆ ಹೇಳಿದಳು. "ನಾನೂ ಕೋಳಿ ಆಗಿ ಹುಟ್ಟಬೇಕಿತ್ತು."

ಇಷ್ಟೆಲ್ಲ ಆದ ಮೇಲೆ ಕೋಳಿಗಳು ಒಳಗೆ ಹೋಗಲು ಒಪ್ಪಲಿಲ್ಲ. ಹೊತ್ತು ಮುಳುಗುತ್ತಲೇ ಬೇವಿನ ಮರ ಹತ್ತಿ ಕೂತವು. ಮಲಕಾರಿ ವಾರವಿಡೀ ಸಂಜೆಗೊಮ್ಮೆ ಮರ ಹತ್ತಿ, ಬೈಗುಳದ ಜೊತೆ ಒಂದೊಂದನ್ನೇ ಕೆಳಗಿಳಿಸಿ ಹೆಂಡತಿಯ ಕೈಗೆ ಕೊಟ್ಟ. ಹುಂಜವಂತೂ ಅವನ ತಲೆಯ ಪಟಕಾದ ಮೇಲೆಯೇ ಹೇತಿತು. "ಮಾವ ಆಶೀರ್ವಾದ ಮಾಡ್ಯಾರ, ಒರಸ್ಕೋಬ್ಯಾಡ್ರಿ" ಎಂದಳು ಸತ್ತೆವ್ವ. ಎಂಟನೆಯ ದಿನ ಕೋಳಿಗಳು ತಾವಾಗಿಯೇ ಒಳಗೆ ಹೋದವು.

ಆ ರಾತ್ರಿ ಬೆಕ್ಕು ಬಂತು. ತಗಡಿನ ಮೇಲೆ ಅದು ನಡೆದಾಡಿದ್ದು, ಜಾಳಿಗೆ ಪರಚಿದ್ದು, ಒಳಗೆ ಕೋಳಿಗಳು ಕಿರಿಚಿದ್ದು ಎಲ್ಲ ಸತ್ತೆವ್ವನಿಗೆ ಕೇಳಿತು. ಅವಳು ಏಳಲಿಲ್ಲ. ಗೂಡು ಎಷ್ಟು ಗಟ್ಟಿಯೆಂದು ಗೊತ್ತಾಗಲಿ ಎಂದು ಹಲ್ಲು ಕಚ್ಚಿ ಮಲಗಿದಳು. ಬೆಳಿಗ್ಗೆ ಎಣಿಸಿದಳು. ಎಲ್ಲ ಇದ್ದವು.

ಬೆಕ್ಕಿನ ಹೊಟ್ಟೆ ಕೇಳಬೇಕಲ್ಲ. ಮೂರೇ ದಿನದಲ್ಲಿ ತವನಪ್ಪನ ತಾಟಿನಲ್ಲಿ, ಹಾಲಿನ ನಡುವೆ, ಒಂದು ಹೆಗ್ಗಣದ ಅರ್ಧ ಸಿಕ್ಕಿತು. ಅವನು ಒಂದು ದಿನ ಊಟ ಬಿಟ್ಟ. ಸೋನಾಬಾಯಿ ಮಾತ್ರ ಜೋಳದ ಚೀಲಗಳನ್ನು ತಿರುವಿ ನೋಡಿ, "ಒಂದಕ್ಕೂ ತೂತಿಲ್ಲ, ಸುಮ್ನ ಇರ್ರಿ" ಎಂದಳು. ಮಳೆ ಬಿದ್ದು, ಕಟಾವಾದ ಬುಡದಿಂದ ಚಿಗುರಿದ ಕುಳೆ ಕಬ್ಬು ಆಳೆತ್ತರ ಬೆಳೆದ ಮೇಲೆ ಬೆಕ್ಕು ಮೂರೂ ಮರಿಗಳನ್ನು ಕರೆದುಕೊಂಡು ಹೊಳೆಯ ಕಡೆಗೆ ಹೊರಟುಹೋಯಿತು.

ಶ್ರಾವಣದಲ್ಲಿ ಸತ್ತೆವ್ವ ಮತ್ತು ಮಲಕಾರಿ ಐನಾಪುರಕ್ಕೆ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೋದರು. ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕೋಳಿಗಳ ನೆನಪಾಗಿ ಸತ್ತೆವ್ವ ಡ್ರೈವರನನ್ನು, ಬಸ್ಸನ್ನು, ಕುಬಸವನ್ನು ಸಾಲಾಗಿ ಬೈದಳು. ಊರು ಮುಟ್ಟಿದಾಗ ಕತ್ತಲಾಗಿತ್ತು. ಅಂಗಳದಲ್ಲಿ ಕಂದೀಲು ಉರಿಯುತ್ತಿತ್ತು. ತವನಪ್ಪ ಧೋತರ ಮೇಲೆತ್ತಿ ಕಟ್ಟಿ, ಹುಂಜವನ್ನು ತನ್ನಿಂದ ಒಂದು ಮೊಳ ದೂರ ಹಿಡಿದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ ಗೂಡಿನೊಳಗೆ ತುರುಕುತ್ತಿದ್ದ. ಹುಂಜ ಅವನ ಮುಂಗೈ ಕುಕ್ಕುತ್ತಿತ್ತು. ಜನ್ಮದಲ್ಲಿ ಕೋಳಿ ಮುಟ್ಟದ ಮನುಷ್ಯ ಎರಡೂ ಚಿಲಕ ಹಾಕಿ, ಎಳೆದು ನೋಡಿ, ಆಮೇಲೆ ಅವಳನ್ನು ಕಂಡ.

"ಹನ್ನೊಂದು ಅದಾವು" ಎಂದ. "ಒಂದು ಬಾಳ ಕೂಗಾಡತೈತಿ."

"ಅದು ಹಿರೇ ನಾದಿನಿ ಬಿಡ್ರಿ" ಎಂದಳು ಸತ್ತೆವ್ವ. ಕೈಯಲ್ಲಿದ್ದ ಕುಬಸದ ಬುತ್ತಿಯಿಂದ ನಾಲ್ಕು ಶೇಂಗಾ ಹೋಳಿಗೆ ತೆಗೆದು ಅವನ ಮುಂದೆ ಹಿಡಿದಳು.

"ಹೊತ್ತು ಮುಳಗೇತಿ, ನಾಳೆ ತಿಂತೇನಿ" ಎಂದು ತವನಪ್ಪ ಅವನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡ. "ಮೊದ್ಲ ನಿಮ್ಮ ಕಾಕುಗ ಕೂಗಿ ಹೇಳು, ಜಳಕಕ್ಕ ನೀರು ಕಾಸಂತ."