ಕೃಷ್ಣವ್ವ ಕಳಿಸಿದ ಫೋಟೋ

ಯರಗಟ್ಟಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯುವ ಹೆಂಗಸರ ಕೈಗೆ ಬಿಡುವೆಂಬುದಿಲ್ಲ. ಬಾಯಿಗೆ ಮಾತ್ರ ದಿನವೆಲ್ಲ ಬಿಡುವೇ. ಒಲೆಯ ಮುಂದೆ ಕೂತು ಅವರು ಆಡದ ಸುದ್ದಿಯಿಲ್ಲ, ಆ ಸುದ್ದಿಗಳಿಗೆಲ್ಲ ಒಡತಿ ಕೃಷ್ಣವ್ವ. ಸ್ವಸಹಾಯ ಸಂಘದ ಮುಖಂಡಿ ಅವಳೇ, ಖಡಕ್ ರೊಟ್ಟಿಯ ಆರ್ಡರ್ ಹಿಡಿಯುವವಳೂ ಅವಳೇ. ರಾಮದುರ್ಗ, ಸವದತ್ತಿ, ಬೈಲಹೊಂಗಲದ ಖಾನಾವಳಿಯವರೆಲ್ಲ ಅವಳ ವಾಟ್ಸಾಪ್ ಗುಂಪಿನಲ್ಲಿದ್ದರು. ಬರೆಯುವುದು ಯಾರಿಗೆ ಬೇಕು ಎಂದು ಎಲ್ಲವನ್ನೂ ದನಿಯಲ್ಲೇ ಹೇಳಿ ಕಳಿಸುತ್ತಿದ್ದಳು. "ನಾಳೆ ಅಮಾಸಿ, ರೊಟ್ಟಿ ಇಲ್ರಿ" ಎಂದು ಅವಳ ದಪ್ಪ ದನಿ ಬಂತೆಂದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಕೃಷ್ಣವ್ವ ಹೇಳಿದಳೆಂದರೆ ಮುಗಿಯಿತು.

ಆ ಶನಿವಾರ ಮುಂಜಾನೆಯ ಸುದ್ದಿ ಒಬ್ಬ ಮಂತ್ರಿಯದು.

"ಕೇಳಿದ್ರೇನ? ಆ ಮಂತ್ರಿ ಎರಡನೇ ಲಗ್ನಾ ಮಾಡ್ಕೊಂಡಾನಂತ. ಹುಡುಗಿ ಸಿನಿಮಾದಾಕಿ!" ಎಂದಳು ಕೃಷ್ಣವ್ವ.

"ಯಾರ್ ಹೇಳಿದ್ರವಾ?" ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಕರೆವ್ವ ಕೇಳಿದಳು. ಕರೆವ್ವ ಮುರಗೋಡದ ಮಗಳು, ಯರಗಟ್ಟಿಯ ಸೊಸೆ. ಅವಳ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು.

"ಯಾರ್ ಯಾಕ ಹೇಳಬೇಕು? ಫೋಟೋನ ಬಂದೈತಿ. ಇಬ್ಬರೂ ಒಂದ ಕಾರಿನ್ಯಾಗ ಕುಂತಾರ."

"ಒಂದ ಕಾರಿನ್ಯಾಗ ಕುಂತ್ರ ಲಗ್ನಾ ಆದಂಗೇನು? ನಾ ದಿನಾ ಟಂಟಂ ಗಾಡ್ಯಾಗ ಯಾರ್ಯಾರ ಜೋಡಿ ಕುಂತು ಬರತೇನಿ!"

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೃಷ್ಣವ್ವನೂ ನಕ್ಕಳು. ನಗುತ್ತಲೇ ಆ ಫೋಟೋವನ್ನು ಅಕ್ಕನ ಮಗಳಿಗೆ ಕಳಿಸಿದಳು.

ಆಗಲೇ ಫೋನು ಮತ್ತೆ ಸದ್ದು ಮಾಡಿತು. ಈ ಸಲ ಬಂದದ್ದು ನಗುವ ಸುದ್ದಿಯಲ್ಲ.

ದೂರದ ಒಂದು ಊರಿನಲ್ಲಿ ಹದಿನಾರರ ಹುಡುಗನೊಬ್ಬ ಜೊತೆಯವನಿಗೆ ಚೂರಿ ಹಾಕಿದ್ದ. ಆ ಜೊತೆಯವನು ಉಳಿದಿರಲಿಲ್ಲ. ವಾರದಿಂದ ಟಿವಿ ತುಂಬ ಅದೇ, ಮನೆ ಮನೆಯಲ್ಲೂ ಅದೇ ಮಾತು. ಈಗ ಬಂದ ಫೋಟೋದಲ್ಲಿ ತಲೆಗೆ ಟವೆಲ್ ಸುತ್ತಿದ ಹುಡುಗನೊಬ್ಬ ಕುಡುಗೋಲು ಎತ್ತಿ ಹಿಡಿದಿದ್ದ. ಕುಡುಗೋಲಿನ ಅಲಗು ಕೆಂಪಾಗಿತ್ತು. ಮುಖದ ಸುತ್ತ ಯಾರೋ ಕೆಂಪು ಗೆರೆ ಎಳೆದಿದ್ದರು. ಕೆಳಗೆ, "ಇವನೇ ಆ ಬಾಲ ಕೊಲೆಗಾರ. ತಪ್ಪಿಸಿಕೊಂಡಿದ್ದಾನೆ. ಎಲ್ಲರಿಗೂ ಕಳಿಸಿ" ಎಂದಿತ್ತು.

ಕೃಷ್ಣವ್ವನಿಗೆ ಭಯವಾಯಿತು. ಅವಳ ಮೊಮ್ಮಗ ದಿನವೂ ಒಬ್ಬನೇ ಸಾಲಿಗೆ ಹೋಗಿ ಬರುವವನು. ಅವನ ನೆನಪಾಗಿ ಅವಳು ಫೋಟೋವನ್ನು ಗುಂಪಿಗೆ ಕಳಿಸಲು ಬೆರಳಿಟ್ಟಳು.

ಅಷ್ಟರಲ್ಲಿ ರೊಟ್ಟಿ ಒಯ್ಯಲು ಮಂಜುಳಾ ಬಂದಳು. ಪಕ್ಕದ ಹಳ್ಳಿಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು, ದಿನದ ಪೇಪರುಗಳನ್ನೆಲ್ಲ ಓದುವವಳು. ಅವಳು ಬಗ್ಗಿ ಫೋನು ನೋಡಿದಳು.

"ಕಾಕೂ, ಜರಾ ತಡೀರಿ. ಇದನ್ನ ಯಾರ್ ಕಳಿಸ್ಯಾರ?"

"ಸವದತ್ತಿ ಖಾನಾವಳಿ ಸಂಗಪ್ಪ ಕಳಿಸ್ಯಾನ. ಅಂವ ಸುಳ್ಳ ಹೇಳೂ ಮನಷ್ಯಾ ಅಲ್ಲ."

"ಸಂಗಪ್ಪಣ್ಣಗ ಯಾರ್ ಕಳಿಸ್ಯಾರ?"

"ಅದರ ಮುತ್ತ್ಯಾ, ಅಜ್ಜನ್ನೆಲ್ಲಾ ಹುಡುಕ್ಕೋತ ಕುಂದರಲೇನು? ನಿಂದೊಂದು ಬ್ಯಾರೆ!"

"ಆ ಹುಡುಗನ್ನ ಪೊಲೀಸರು ಅವತ್ತ ಹಿಡದಾರ್ರಿ. ಪೇಪರಿನ್ಯಾಗ ಬಂದೈತಿ. ಹೆಸರಿಲ್ಲ, ಫೋಟೋ ಇಲ್ಲ. ಹದಿನೆಂಟು ತುಂಬದ ಹುಡುಗರ ಗುರುತು ಹೊರಗ ಹಾಕೂದು ಕಾಯ್ದೆ ಪ್ರಕಾರ ತಪ್ಪ."

ಕೃಷ್ಣವ್ವನಿಗೆ ಸಿಟ್ಟು ಬಂತು. "ಕೊಲಿ ಮಾಡಿದವನ್ನ ಮುಚ್ಚಿಟ್ಟು ಕಾಯೂ ಕಾಯ್ದೆ! ಹೋಗಿ ಸತ್ತ ಹುಡುಗನ ತಾಯಿಗೆ ಹೇಳ ನಿನ್ನ ಕಾಯ್ದೆ."

ಮಂಜುಳಾ ರೊಟ್ಟಿಯ ಗಂಟು ಎತ್ತಿಕೊಂಡು ನಡೆದಳು. ಅವಳು ತಿರುವು ದಾಟುವುದರೊಳಗೆ ಕೃಷ್ಣವ್ವ ಫೋಟೋವನ್ನು ಗುಂಪಿಗೆ ಹಾಕಿದ್ದಳು. ಹಾಕಿ ಸುಮ್ಮನಿದ್ದಳೇ? ಫೋನನ್ನು ಬಾಯಿಗೆ ಹಿಡಿದು ದನಿಯನ್ನೂ ಕಳಿಸಿದಳು: "ನಾ ಯರಗಟ್ಟಿ ಕೃಷ್ಣವ್ವ. ಈ ಹುಡುಗನ ಮಾರಿ ಚಲೋತಂಗ ನೋಡಿ ಇಟ್ಕೋರ್ರಿ. ನಮ್ಮ ಕಡೀಗೇ ಬಂದಾನಂತ. ಕಂಡ್ರ ಬಿಡಬ್ಯಾಡ್ರಿ."

'ನಮ್ಮ ಕಡೀಗೇ ಬಂದಾನಂತ' ಎಂಬುದು ಬಂದ ಸುದ್ದಿಯಲ್ಲಿ ಎಲ್ಲೂ ಇರಲಿಲ್ಲ. ಹೆದರಿದ ಬಾಯಿ ತಾನೇ ಸೇರಿಸಿತ್ತು.

ಮಧ್ಯಾಹ್ನ ಒಲೆ ಆರಿದ ಮೇಲೆ ಕರೆವ್ವ ಕೈತೊಳೆದು ಬಂದು, "ಏನವಾ ಅದು, ಎಲ್ಲಾರೂ ನೋಡಾಕತ್ತಾರ? ನನಗೂ ತೋರಸ" ಎಂದಳು.

"ನೋಡ, ಕುಡಗೋಲ ಮ್ಯಾಗಿನ ರಕ್ತ ಇನ್ನೂ ಆರಿಲ್ಲ!" ಕೃಷ್ಣವ್ವ ಫೋನು ಮುಂದೆ ಹಿಡಿದಳು.

ಕರೆವ್ವ ನೋಡಿದಳು. ಫೋನನ್ನು ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ನೋಡಿದಳು.

"ಇದು ರಕ್ತ ಅಲ್ಲ ಯವ್ವಾ. ಕುಂಕುಮ ಇದು. ಖಂಡೇ ಪೂಜಿಗೆ ನಾನ ನನ್ನ ಕೈಲೆ ಬಳದೇನಿ. ಇಂವ ನಮ್ಮ ಕಲ್ಮೇಶ! ನನ್ನ ತಮ್ಮನ ಮಗ!"

ದಸರೆಯಲ್ಲಿ ಖಂಡೇ ಪೂಜೆಯ ದಿನ ಕುಡುಗೋಲು, ಕುರುಪಿ, ಟ್ರ್ಯಾಕ್ಟರುಗಳನ್ನೆಲ್ಲ ತೊಳೆದು ವಿಭೂತಿ ಕುಂಕುಮ ಹಚ್ಚುವುದು ನಮ್ಮ ಕಡೆ ಯಾವ ಮನೆಯಲ್ಲಿಲ್ಲ? ಮುರಗೋಡದ ಆ ಮನೆಯಲ್ಲೂ ಪೂಜೆಯಾಗಿತ್ತು. ಕಲ್ಮೇಶ ಟ್ರ್ಯಾಕ್ಟರಿನ ಮುಂದೆ ಕುಡುಗೋಲು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡು, ಹುಡುಗರ ಹುಮ್ಮಸ್ಸಿನಲ್ಲಿ ಸ್ಟೇಟಸ್ಸಿಗೆ ಹಾಕಿದ್ದ. ಯಾವನೋ ಅದನ್ನು ಎತ್ತಿಕೊಂಡು ಚೆಂಡುಹೂವಿನ ಮಾಲೆಯನ್ನೂ ಟ್ರ್ಯಾಕ್ಟರನ್ನೂ ಕತ್ತರಿಸಿ ಬಿಸಾಕಿದ್ದ. ಉಳಿದದ್ದು ಹುಡುಗ ಮತ್ತು ಕೆಂಪು ಕುಡುಗೋಲು.

"ಇವತ್ತ ಶನಿವಾರ ಯವ್ವಾ," ಕರೆವ್ವನ ದನಿ ಒಡೆಯಿತು. "ರಾಮದುರ್ಗದಾಗ ಕಾಲೇಜ ಬಿಟ್ಟು ಈಗ ಬರೂ ಹೊತ್ತು. ಇಲ್ಲೇ ಇಳದು ಮುರಗೋಡ ಗಾಡಿ ಹಿಡೀತಾನ."

ಕೃಷ್ಣವ್ವ ಕಳಿಸಿದ್ದನ್ನು ಅಳಿಸಿದಳು. ಅಳಿಸಿದರೇನು ಬಂತು? ಅಷ್ಟರಲ್ಲಿ ಉತ್ತರಗಳು ಬಂದು ಬಿದ್ದಿದ್ದವು. 'ಚಲೋ ಮಾಡಿದ್ರಿ ಅಕ್ಕಾರ, ನಮ್ಮ ಓಣಿಗೆಲ್ಲಾ ಮುಟ್ಟಿಸೇನಿ.' 'ಬೈಲಹೊಂಗಲದ ಹುಡುಗ್ರಿಗೆ ಹೇಳೇವಿ.' 'ಸಿಕ್ರ ಬಿಡಂಗಿಲ್ಲ.' ಕಲ್ಮೇಶನಿಗೆ ಫೋನು ಹಚ್ಚಿದರೆ ಬರೀ ಗಂಟೆ ಬಾರಿಸಿತು, ಎತ್ತಲಿಲ್ಲ. ಕೃಷ್ಣವ್ವ ಮಂಜುಳಾಗೆ ಫೋನು ಹಚ್ಚಿ ಅಳುತ್ತಲೇ ಎಲ್ಲ ಹೇಳಿದಳು.

ಬೈಗುಳಕ್ಕೆ ಸಿದ್ಧಳಾಗಿದ್ದಳು. ಮಂಜುಳಾ ಬಯ್ಯಲಿಲ್ಲ. "ಕಾಕೂ, ನೀವು ಇಬ್ರೂ ನಿಲ್ದಾಣಕ್ಕ ಓಡ್ರಿ. ನಾ ಒಂದು ಒಂದು ಎರಡಕ್ಕ ಫೋನ್ ಹಚ್ಚಿ ಪೊಲೀಸರನ್ನ ಕರಸತೇನಿ" ಎಂದಳು.

ಇಬ್ಬರೂ ಚಪ್ಪಲಿ ಮೆಟ್ಟದೆ ಓಡಿದರು. ಓಣಿ ತಿರುಗುವಾಗಲೇ ಕೃಷ್ಣವ್ವನಿಗೆ ಜನರ ಗದ್ದಲ ಕೇಳಿಸಿತು. ಗದ್ದಲದ ನಡುವೆ ಇನ್ನೊಂದು ದನಿ. "ಕಂಡ್ರ ಬಿಡಬ್ಯಾಡ್ರಿ." ಯಾರದೋ ಫೋನಿನಿಂದ ಅವಳದೇ ದನಿ ಬರುತ್ತಿತ್ತು. ಮುಗಿದ ಕೂಡಲೇ ಮತ್ತೆ ಹಚ್ಚುತ್ತಿದ್ದರು. ತನ್ನ ದನಿಗೆ ತಾನೇ ಹೆದರಿದ್ದು ಕೃಷ್ಣವ್ವನ ಜೀವಮಾನದಲ್ಲಿ ಅದೇ ಮೊದಲು.

ಚಹಾದಂಗಡಿಯ ಗೋಡೆಗೆ ಹುಡುಗನನ್ನು ಒತ್ತಿ ಹಿಡಿದಿದ್ದರು. ತುಟಿ ಒಡೆದಿತ್ತು, ಬ್ಯಾಗಿನ ಪುಸ್ತಕಗಳು ಕಾಲ್ತುಳಿತಕ್ಕೆ ಸಿಕ್ಕಿದ್ದವು. ಕಾಲರು ಹಿಡಿದಿದ್ದವನು ಅಂಗಡಿಯ ಮಡಿವಾಳೆಪ್ಪ, ಕೃಷ್ಣವ್ವನ ಬಳಿಯೇ ದಿನವೂ ರೊಟ್ಟಿ ಕೊಳ್ಳುವವನು. ಇರುವೆಗೂ ಕೇಡು ಬಯಸದ ಮನುಷ್ಯ.

"ಬಿಡೋ ಮಡಿವಾಳೆಪ್ಪಾ! ಹುಡುಗನ್ನ ಬಿಡ!"

"ಅಕ್ಕಾರ, ಬಿಡಬ್ಯಾಡ್ರಿ ಅಂತ ನೀವ ಹೇಳೀರಲಾ?"

"ಹೌದೋ ಎಪ್ಪಾ, ನಾನ ಹೇಳೇನಿ. ಗೊತ್ತಿಲ್ಲದ ಹೇಳೇನಿ. ನನ್ನ ಬಾಯಿಗೆ ಮಣ್ಣ ಹಾಕ, ಹುಡುಗನ್ನ ಬಿಡ. ಇಂವ ಕರೆವ್ವನ ತಮ್ಮನ ಮಗಾ!"

ಮಡಿವಾಳೆಪ್ಪನ ಕೈ ಸಡಿಲಾಯಿತು. ಹಿಂದಿನವರಿಗೆ ಇದೊಂದೂ ಕೇಳಿಸಿರಲಿಲ್ಲ, ಅವರಿನ್ನೂ "ಹೊಡೀರಲೇ" ಎನ್ನುತ್ತಲೇ ಇದ್ದರು. ಯಾರದೋ ಏಟು ಹಾರಿ ಬಂತು. ಕರೆವ್ವ ಹುಡುಗನನ್ನು ಸೆರಗಿನೊಳಗೆ ಅವುಚಿಕೊಂಡಳು, ಅವಳ ಬೆನ್ನಿಗೆ ಅಡ್ಡಲಾಗಿ ಕೃಷ್ಣವ್ವ ನಿಂತಳು. ಆ ಏಟು ಕೃಷ್ಣವ್ವನ ಭುಜಕ್ಕೆ ಬಿತ್ತು. ಪೊಲೀಸ್ ಜೀಪು ಬಂದು ಜನ ಚದುರುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ.

ಹುಡುಗ ಬದುಕಿದ. ತುಟಿಗೆ ಹೊಲಿಗೆ ಬಿತ್ತು. ಅವನನ್ನು ಕರೆವ್ವ ತನ್ನ ಮನೆಯಲ್ಲೇ ಇರಿಸಿಕೊಂಡಳು.

ಮರುದಿನ ಸಂಘದ ಹೆಂಗಸರೆಲ್ಲ ಸೇರಿದರು. ಮಂಜುಳಾ ಬಂದಳು, ಮಡಿವಾಳೆಪ್ಪನೂ ಬಂದ. ಕೃಷ್ಣವ್ವನ ಗಂಡ ಜಟ್ಟೆಪ್ಪನೂ ಬಂದು ಬಾಗಿಲ ಬಳಿ ಕೂತ. ಅವನಿಗೆ ಇನ್ನೂ ಸಮಾಧಾನವಿರಲಿಲ್ಲ.

"ಅಲ್ಲ ಮಂಜವ್ವಾ, ಈ ಹುಡುಗ ಅಲ್ಲ ಅಂತ ಆತು. ಖರೇ ತಪ್ಪ ಮಾಡಿದವನ ಫೋಟೋ ಇದ್ರ? ಅದನ್ನರೆ ಕಳಿಸಬೇಕಲ್ಲೇನು? ಸತ್ತಂವನೂ ಯಾರದೋ ಮಗಾನ."

"ಹೌದ್ರಿ ಕಾಕಾ. ನಿನ್ನೆ ಕಾಕುನೂ ಅದನ್ನ ಕೇಳಿದ್ರು, ನನಗ ಉತ್ತರ ಹೊಳೀಲಿಲ್ಲ. ರಾತ್ರಿ ಎಲ್ಲಾ ಅದ ವಿಚಾರ. ಆ ತಾಯಿಗೆ ನ್ಯಾಯಾ ಸಿಗಬೇಕು, ಸಿಗಾಕಬೇಕು. ಆದ್ರ ನಮ್ಮ ಫೋನಿನಿಂದ ಆಕಿಗೆ ಏನ್ ಸಿಕ್ತು ಹೇಳ್ರಿ? ಇನ್ನೊಬ್ಬ ತಾಯಿ ಅತ್ತಳು, ಅಷ್ಟ. ತಪ್ಪ ಮಾಡಿದ ಹುಡುಗರನ್ನ ವಿಚಾರಿಸಾಕ ಬಾಲ ನ್ಯಾಯ ಮಂಡಳಿ ಐತಿ. ಬಿಟ್ಟ ಬಿಡೂದಲ್ಲ ಅದು. ವಿಚಾರಣಿ ಆಗತೈತಿ, ತಿದ್ದೂದೂ ಆಗತೈತಿ. ಆ ಹುಡುಗನ ಮಾರಿ ನಾವು ಊರೂರಿಗೆ ತೋರಿಸಿದ್ರ ಅವನ ತಂಗಿ ಸಾಲಿಗೆ ಹೆಂಗ ಹೋಗಬೇಕು? ಅವನ ಅವ್ವ ನೀರಿಗೆ ಹೆಂಗ ಹೋಗಬೇಕು? ಅದಕ್ಕ ಕಾಯ್ದೆ ಬ್ಯಾಡ ಅಂತೈತಿ. ಕಳಿಸಿದವರಿಗೆ ಜೈಲೂ ಆಗಬಹುದು, ದಂಡಾನೂ ಬೀಳಬಹುದು."

"ಹಂಗಾರ ಮಂತ್ರಿ ಸುದ್ದಿ?" ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು.

"ಕಾರಿನ್ಯಾಗ ಕುಂತಾಕಿ ಮಂತ್ರಿ ಅಣ್ಣನ ಮಗಳಂತ. ನಿನ್ನೆ ಟಿವ್ಯಾಗ ಅವರ ಹೇಳಿದ್ರು. ಮಂತ್ರಿಗೆ ಹೇಳ್ಕೊಳ್ಳಾಕ ಟಿವಿ ಅದಾವು, ವಕೀಲರು ಅದಾರ. ಆ ಹುಡುಗಿಗೆ ಯಾರದಾರ? ಕಲ್ಮೇಶಗ ಯಾರಿದ್ರು? ಗ್ವಾಡಿ ಇತ್ತು ಹಿಂದ, ಮಂದಿ ಇದ್ರು ಮುಂದ."

ಜಟ್ಟೆಪ್ಪ ತನ್ನ ಫೋನು ತೆಗೆದ. "ನನ್ನ ಕಡೇನೂ ಆ ಫೋಟೋ ಐತಿ. ನಾನೂ ಇಬ್ಬರಿಗೆ ಕಳಿಸೇನಿ. ಹೆಂಗ ಅಳಸೂದು ತೋರಸವಾ. ಆ ಇಬ್ಬರಿಗೂ ಫೋನ್ ಹಚ್ಚಿ ಸುಳ್ಳ ಸುದ್ದಿ ಅಂತ ಹೇಳತೇನಿ." ಮಡಿವಾಳೆಪ್ಪನೂ ತನ್ನ ಫೋನು ಹೊರತೆಗೆದ.

ಕೃಷ್ಣವ್ವ ಅಂದೇ ತನ್ನ ದನಿಯಲ್ಲಿ, ತನ್ನ ಹೆಸರು ಹೇಳಿ, ತಪ್ಪಾಯಿತೆಂದು ಎಲ್ಲ ಗುಂಪಿಗೂ ಕಳಿಸಿದಳು. ಆ ದನಿ ಅಷ್ಟು ದೂರ ಹೋಗಲಿಲ್ಲ. ಸುಳ್ಳನ್ನು ಊರೂರಿಗೆ ಹಂಚಿದವರಿಗೆ ನಿಜವನ್ನು ಹಂಚುವ ಪುರುಸೊತ್ತು ಇರಲಿಲ್ಲ. ಮರುದಿನ ಮುಂಜಾನೆ ಕಿತ್ತೂರಿನಿಂದ ಯಾರೋ ಫೋನು ಹಚ್ಚಿ, "ಅಕ್ಕಾರ, ಆ ಹುಡುಗ ಸಿಕ್ಕನೇನ್ರಿ?" ಎಂದು ಕೇಳಿದರು.

ಅಂದು ಸೋಮವಾರ. ಕಲ್ಮೇಶ ಒಬ್ಬನೇ ಬಸ್ಸು ಹತ್ತಲು ಒಲ್ಲೆನೆಂದ. "ನಾ ಬರತೇನಿ ನಡೀ" ಎಂದು ಕೃಷ್ಣವ್ವ ಜೊತೆಗೆ ಹೊರಟಳು. ಹುಡುಗನನ್ನು ಕಿಟಕಿಯ ಬದಿಗೆ ಕೂಡಿಸಿ ತಾನು ಈಚೆ ಕೂತಳು. ಮುಂದಿನ ಸೀಟಿನವನು ಫೋನು ನೋಡಿ, ತಿರುಗಿ ಹುಡುಗನ ಮುಖ ನೋಡಿದ. ಕೃಷ್ಣವ್ವ ಎವೆಯಿಕ್ಕದೆ ಅವನನ್ನೇ ನೋಡಿದಾಗ ಅವನು ಮುಖ ತಿರುಗಿಸಿದ.

ರಾಮದುರ್ಗ ಹತ್ತಿರವಾದಾಗ ಕಲ್ಮೇಶ ಅವಳತ್ತ ತಿರುಗಿದ.

"ಅವ್ವಾರ, ಒಂದು ಕೇಳಲ್ಯಾ?"

"ಕೇಳೋ ತಮ್ಮಾ."

"ನಾ ಖರೇನ ಆ ತಪ್ಪ ಮಾಡಿದ ಹುಡುಗ ಆಗಿದ್ರ, ಅವತ್ತ ನೀವು ಓಡಿ ಬರತಿದ್ರೇನ್ರಿ?"

ಕೃಷ್ಣವ್ವ ಅವನ ಬ್ಯಾಗು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ರಾಮದುರ್ಗದಲ್ಲಿ ಇಳಿದು ಹುಡುಗನ ಹೆಗಲಿಗೆ ಬ್ಯಾಗು ಏರಿಸುವಾಗ ಕಣ್ಣು ತುಂಬಿ ಹೇಳಿದಳು:

"ಬರತಿದ್ದಿಲ್ಲೋ ಎಪ್ಪಾ. ಬರಬೇಕಾಗಿತ್ತು. ಅವನೂ ಒಂದು ಕೂಸು."

ಇದನ್ನು ಓದಿದ, ಕೇಳಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಲ್ಮೇಶನ ಪ್ರಶ್ನೆ ನಿಮಗೂ ಇದೆ. ಇಂಥ ಫೋಟೋ ಇವತ್ತೋ ನಾಳೆಯೋ ನಿಮ್ಮ ಫೋನಿಗೂ ಬರುತ್ತದೆ. ಅದು ತಪ್ಪು ಮಾಡಿದ ಮಗುವಿನದಿರಲಿ, ನೋವು ತಿಂದ ಮಗುವಿನದಿರಲಿ, ಮುಖ, ಹೆಸರು, ಶಾಲೆ, ಊರು ಯಾವುದನ್ನೂ ಮುಂದಕ್ಕೆ ಕಳಿಸಬೇಡಿ. ಬಂದಲ್ಲಿಯೇ ಅಳಿಸಿ, ಕಳಿಸಿದವರಿಗೂ ಅಳಿಸಲು ಹೇಳಿ. ಜನ ಗುಂಪುಗೂಡಿ ಯಾರ ಮೇಲಾದರೂ ಏರಿ ಹೋಗುವುದು ಕಂಡರೆ 112ಕ್ಕೆ ಫೋನು ಮಾಡಿ. ಮಗುವೊಂದು ಅಪಾಯದಲ್ಲಿದೆ ಅನಿಸಿದರೆ 1098ಕ್ಕೆ ಮಾಡಿ. ಭಯವಾದಾಗ ಬೆರಳು ತಡೆಯುವುದು ಕಷ್ಟ, ಗೊತ್ತು. ಆದರೂ ಒಂದು ಗಳಿಗೆ ತಡೆಯಿರಿ. ಆ ಗಳಿಗೆಯಲ್ಲಿ ಯಾವುದೋ ನಿಲ್ದಾಣದಲ್ಲಿ ಒಂದು ಮಗು ಬಸ್ಸಿನಿಂದ ಇಳಿಯುತ್ತಿರುತ್ತದೆ.